ಮೊಬೈಲ್ ಹಿಡಿದವರು

ಮೊನ್ನೆ ಹಳೆಯ ಜೇನುಪೆಟ್ಟಿಗೆಯೊಂದನ್ನು ಬಿಚ್ಚಿದೆ. ಒಣಗಿದ ಮೇಣದ ವಾಸನೆ ಬಂತು, ಅದರ ಹಿಂದೆಯೇ ನೆನಪಿನಿಂದ ಒಂದು ದನಿಯೂ ಬಂತು. "ಸರ್, ನಮ್ಮ ಮಾತು ಕೇಳಾಕತ್ತೈತೇನ್ರಿ?"

ಹಾಗೆ ಕೇಳುತ್ತಿದ್ದವರು ಸವದತ್ತಿ ಕಡೆಯ ಒಂದು ಹಳ್ಳಿಯ ಶಾಲೆಯ ಅಕ್ಕೋರು. ಆ ಕಡೆ ಮಕ್ಕಳು ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ನಾನಿರುವುದು ಮೈಸೂರಿನಲ್ಲಿ, ಜೇನು ಸಾಕುವುದನ್ನು ಕಲಿಸುವುದು ನನ್ನ ಹೊಟ್ಟೆಪಾಡು. ಅವರ ಶಾಲೆಯ ದಾಸವಾಳದ ಗಿಡದಲ್ಲಿ ಕೋಲುಜೇನು ಗೂಡು ಕಟ್ಟಿತ್ತು. ಊರವರು ಹೊಗೆ ಹಾಕಿ ಓಡಿಸಲು ಹೊರಟಾಗ, ತಿಳಿದವರನ್ನು ಒಂದು ಮಾತು ಕೇಳೋಣ ಎಂದು ಯಾರಿಂದಲೋ ನನ್ನ ನಂಬರ್ ಪಡೆದು ವಿಡಿಯೊ ಕರೆ ಮಾಡಿದ್ದರು.

ಮೊದಲ ದಿನ ನನಗೆ ಕಂಡದ್ದು ಒಂದು ಬೆಂಚು, ಅದರ ಮೇಲೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ. ಇದು ಯಾರಿಗೆ ಎಂದು ಕೇಳಿದೆ.

"ನಿಮಗರೀ. ಮೊಬೈಲ್‌ನ್ಯಾಗ ಬಂದ್ರೂ ಬಂದವರು ಬಂದವರ."

ಕರೆ ಮುಗಿಯುವಷ್ಟರಲ್ಲಿ ಬೆಲ್ಲ ಮಾಯವಾಗಿತ್ತು. ಯಾರ ಬಾಯಿ ಸೇರಿತೋ, ನಾನಂತೂ ತಿನ್ನಲಿಲ್ಲ.

ಗೂಡು ಉಳಿಯಿತು, ಕರೆ ರೂಢಿಯಾಯಿತು. ಅವರು ಮೊಬೈಲನ್ನು ಗೂಡಿನ ಹತ್ತಿರ ಹಿಡಿಯುತ್ತಿದ್ದರು, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕೇಳುತ್ತಿದ್ದರು. ಹುಳಕ್ಕೆ ನಿದ್ದೆ ಬರುತ್ತದೆಯೇ, ರಾಣಿಗೆ ಮುಪ್ಪಾದರೆ ಏನು ಗತಿ... ಒಮ್ಮೆ ಒಬ್ಬ ಹುಡುಗಿ, "ಕಡದ್ರ ನಾನ ಸಾಯತೇನಿ ಅನ್ನೂದು ಹುಳಕ್ಕ ಗೊತ್ತಿರತೈತೇನ್ರಿ ಸರ್?" ಎಂದಳು. ನಾನು ಕೊಂಡಿಯ ರಚನೆ ವಿವರಿಸತೊಡಗಿದೆ. ಮೊಬೈಲಿನ ಹಿಂದಿನಿಂದ ಅಕ್ಕೋರು ನಗುತ್ತಾ, "ಬರಕೋರಿ, ಇದು ಸರ್‌ಗೂ ಗೊತ್ತಿಲ್ಲ" ಎಂದರು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಬಲ್ಲವರನ್ನೆಲ್ಲ ಕೇಳುತ್ತಿದ್ದೇನೆ.

ನನ್ನ ಕುತೂಹಲ ಮಾತ್ರ ಬೇರೆಯೇ ಇತ್ತು. ಮೊಬೈಲ್ ಹಿಡಿಯುತ್ತಿದ್ದವರು ಅವರೇ ಆದ್ದರಿಂದ ಅವರ ಮುಖ ಒಮ್ಮೆಯೂ ಕಂಡಿರಲಿಲ್ಲ. ಗೂಡು ತೋರಿಸುವ ಕೈ, ಹಸಿರು ಗಾಜಿನ ಬಳೆ, ಸೀಮೆಸುಣ್ಣ ಮೆತ್ತಿದ ಬೆರಳು, ಅಷ್ಟೇ. ವಾಟ್ಸಾಪಿನಲ್ಲೂ ಗುಲಾಬಿ ಹೂವಿನ ಚಿತ್ರ. ವಯಸ್ಸೆಷ್ಟೋ, ಕನ್ನಡಕ ಉಂಟೋ ಇಲ್ಲವೋ... ಒಮ್ಮೆ ನಿಮ್ಮ ಕಡೆ ತಿರುಗಿಸಿ, ನಿಮ್ಮನ್ನೂ ನೋಡೋಣ ಎಂದು ಕೇಳಿಯೇಬಿಟ್ಟೆ.

"ನನ್ನ ನೋಡಿ ಏನ್ ಮಾಡತೀರಿ, ಹುಡುಗರನ್ನ ನೋಡ್ರಿ. ನನ್ನ ನೋಡಬೇಕಂದ್ರ ಊರಿಗೆ ಬರ್ರಿ, ರೊಟ್ಟಿ ಉಣ್ಣಾಕ."

ಸೂರ್ಯಕಾಂತಿ ಹೂ ಬಿಟ್ಟಾಗ ಬರುತ್ತೇನೆ ಎಂದಿದ್ದೆ. ಆ ಹಂಗಾಮಿಗೆ, ಮೊದಲೇ ತಿಳಿಸದೆ ಹೊರಟು, ಬೈಲಹೊಂಗಲದಲ್ಲಿ ಬಸ್ಸಿಳಿದು ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮ. ಎದೆನೋವು ಬಂದು ಅಕ್ಕೋರು ತೀರಿಕೊಂಡು ಕೆಲವು ದಿನಗಳಾಗಿದ್ದವು.

ಆದರೂ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹಾರ ಹಾಕಿದ ಫೋಟೊ ಇತ್ತು. ದುಂಡು ಮುಖ, ಕನ್ನಡಕ. ಫೋಟೊ ಹೆಗಲಿಗೇ ಮುಗಿದಿತ್ತು. ನನಗೆ ಗುರುತಿದ್ದ ಕೈ ಅದರಲ್ಲಿ ಇರಲಿಲ್ಲ. ಯಾರೋ ಪರಿಚಯವಿಲ್ಲದವರಿಗೆ ಕೈ ಮುಗಿದಂತೆ ಮುಗಿದು ಹೊರಬಂದೆ. ಅಂಗಳದಲ್ಲಿ ಮಕ್ಕಳು "ಜೇನಿನ ಸರ್ ಬಂದ್ರು" ಎಂದು ಓಡಿ ಬಂದರು. ಅವರಿಗೆ ನನ್ನ ಮುಖದ ಗುರುತು ತಕ್ಷಣ ಹತ್ತಿತ್ತು. ಆಗ ಅಳು ಬಂತು.

ಈಗಲೂ ಬೇರೆ ಬೇರೆ ಶಾಲೆಗಳಿಂದ ಕರೆ ಬರುತ್ತದೆ. ಪಾಠಕ್ಕೆ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಮೊಬೈಲ್ ಹಿಡಿದವರು ಯಾರು? ಒಮ್ಮೆ ನಿಮ್ಮ ಕಡೆ ತಿರುಗಿಸಿ, ನಿಮ್ಮ ಮುಖ ನೋಡಬೇಕು.