ಕೆಳಮನೆಯ ಅಕ್ಕ ತಿದ್ದಿದ ಎರಡನೇ ಭಾಗ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ರಿಪೇರಿ ಅಂಗಡಿಯಲ್ಲಿ ಯಾರದೋ ಹಳೆಯ ಕಂಪ್ಯೂಟರ್ ಬಿಚ್ಚಿದರು. ಕಾದ ಧೂಳಿನ ವಾಸನೆ ಬಂತು. ಜರಗನಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಅಲ್ಲಿ ಅಕ್ಕ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದರು. ನನ್ನ ಸ್ವಂತ ಅಕ್ಕನಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದೆವು.

ಅವರ ಜೊತೆ ತಮ್ಮನಿದ್ದ. ಒಂದು ಸಿನಿಮಾದ ಲಾರಿ ಡ್ರೈವರ್ ಹೀರೋ ಅವನಿಗೆ ದೇವರು. ಅವನ ಹಾಗೆಯೇ ಗಡ್ಡ, ಅವನ ಹಾಗೆಯೇ ತೋಳು ಮಡಚುವುದು. ಆ ಸಿನಿಮಾದ ಎರಡನೇ ಭಾಗಕ್ಕಾಗಿ ಕಾಯುತ್ತಿದ್ದವನು ಒಂದು ಮಧ್ಯಾಹ್ನ ಕನಕಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಹೋದ. ಅಕ್ಕ ಅತ್ತಿದ್ದನ್ನು ನಾನು ನೋಡಲಿಲ್ಲ. ಮರುವಾರ ಯಾರದೋ ಆರತಕ್ಷತೆಯ ವಿಡಿಯೊ ಹಾಕಿಕೊಂಡು ಕೂತಿದ್ದರು...

ಎರಡನೇ ಭಾಗ ಬಿಡುಗಡೆಯಾದಾಗ, "ಅವನ ಬದಲು ನಾನಾದ್ರೂ ನೋಡ್ಬೇಕಲ್ಲ, ಬರ್ತೀಯಾ?" ಅಂದರು. ಹೋದೆವು. ಮೊದಲ ಭಾಗದಲ್ಲಿ ಬಿದ್ದವನ ಮೇಲೆ ಕೈ ಮಾಡದ ಹೀರೋ ಇದರಲ್ಲಿ ಕುಡಿದು ಹೊರಳಾಡಿದ, ಹೆಂಡತಿಗೆ ಹೊಡೆದ. ಜನ ನಕ್ಕರು.

"ಇದನ್ನ ನೋಡಿದ್ರೆ ನನ್ ತಮ್ಮ ಊಟ ಬಿಡ್ತಿದ್ದ," ಅಂದರು ಅಕ್ಕ, ದನಿಯಲ್ಲಿ ಏರಿಳಿತವಿಲ್ಲದೆ.

ಸಿನಿಮಾ ಮೊಬೈಲಿಗೆ ಬಂದ ಮೇಲೆ ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ಕತ್ತರಿಸತೊಡಗಿದರು. ಹೊಡೆಯುವ ಕೈ ಎತ್ತುವಲ್ಲಿಗೇ ನಿಂತಿತು. ಅದರ ಬೆನ್ನಿಗೆ ಮೊದಲ ಭಾಗದಿಂದ ತಂದ ಹೀರೋನ ಮುಖ, ಕಿಟಕಿಯಾಚೆ ನೋಡುತ್ತಿರುವುದು. ಕುಡಿತ ಪೂರ್ತಿ ಹೋಯಿತು.

"ಹೀಗೂ ಮಾಡ್ಬಹುದಾ ಅಕ್ಕ?" ಅಂದೆ.

"ಮದುವೇಲಿ ಮುನಿಸ್ಕೊಂಡ್ ಕೂತಿರೋ ಮಾವಂದಿರನ್ನೆಲ್ಲ ನಗಿಸಿದೀನಿ. ಇವನ್ಯಾವ ಲೆಕ್ಕ?"

ತಮ್ಮನ ಹುಟ್ಟುಹಬ್ಬದ ಸಂಜೆ ಅವನ ಗೆಳೆಯರನ್ನು ಕರೆದು ತೋರಿಸಿದರು. ಹುಡುಗರು ಸಿಳ್ಳೆ ಹಾಕಿದರು. "ಸಖತ್ ಅಕ್ಕ, ಇದು ನೋಡಿ ನಮ್ ಹೀರೋ ಅಂದ್ರೆ!" ಅವರಲ್ಲಿ ಒಬ್ಬ ಕೊನೆಗೆ ಕೇಳಿದ:

"ಹೀರೋ ಅವನಕ್ಕನ ಕಾಲಿಗ್ ಬೀಳೋ ಸೀನ್ ಎಲ್ಲಿ?"

"ತೆಗೆದೆ. ಹೀರೋ ಯಾಕ್ ಕಾಲಿಗ್ ಬೀಳ್ಬೇಕು?"

ಅವನು ನೆಲ ನೋಡುತ್ತ ಹೇಳಿದ. "ಆಕ್ಸಿಡೆಂಟಾದ್ ದಿನ ಅವನು ನಿಮ್ಹತ್ರ ಜಗಳ ಆಡ್ಕೊಂಡ್ ಬಂದಿದ್ದ ಅಕ್ಕ. ಸಂಜೆ ಹೋಗಿ ಸಾರಿ ಕೇಳ್ತೀನಿ ಮಗಾ, ಕಾಲಿಗಾದ್ರೂ ಬೀಳ್ತೀನಿ ಅಂತಿದ್ದ."

ಜಗಳದ ವಿಷಯ ನನಗೆ ಗೊತ್ತಿರಲಿಲ್ಲ. ಅಕ್ಕ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕೇಸರಿಬಾತ್ ತಂದು ಎಲ್ಲರಿಗೂ ಕೊಟ್ಟರು. ಅವನಿಗೂ.

ಆಮೇಲೆ ಆ ದೃಶ್ಯವನ್ನು ಮರಳಿ ಸೇರಿಸಿದರು. ಒಂದು ಭಾನುವಾರ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಥಿಯೇಟರಿನಲ್ಲಿ ನೋಡಿದ್ದು ನೆನಪಿತ್ತು: ಹೀರೋ ಕಾಲಿಗೆ ಬೀಳುತ್ತಾನೆ, ಅವನಕ್ಕ ಮುಖ ತಿರುಗಿಸಿ ಒಳಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇಲ್ಲಿ ಅವಳು ತಿರುಗುವ ಮೊದಲೇ ಕತ್ತರಿಸಿದ್ದರು. ಅವಳು ತಮ್ಮನನ್ನೇ ನೋಡುತ್ತ ನಿಂತಿದ್ದಳು, ಅಷ್ಟೇ.

"ಕ್ಷಮಿಸಿದ್ಲು ಅಂತ ಅನ್ಸುತ್ತಾ?"

"ಅನ್ಸುತ್ತೆ ಅಕ್ಕ."

"ಇನ್ನೊಂದ್ಸಲ ನೋಡಿ ಹೇಳು."

ನೋಡಿದೆ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು... ನಂಬಿದರೋ ಇಲ್ಲವೋ. ಅದನ್ನು ಬೇರೆ ಯಾರಿಗೂ ತೋರಿಸಲಿಲ್ಲ. ಮತ್ತೆ ಮದುವೆ ವಿಡಿಯೊಗಳಿಗೆ ಮರಳಿದರು.

ನಾನು ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದೆ. ಅಕ್ಕ ತೀರಿಕೊಂಡ ಸುದ್ದಿ ಜರಗನಹಳ್ಳಿ ಮನೆಯ ಓನರ್ ಆಂಟಿಯಿಂದ ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಅವರ ಸಾಮಾನೆಲ್ಲ ಏನಾಯಿತು ಅಂತ ಕೇಳಿದೆ. "ಯಾರೂ ಬರ್ಲಿಲ್ಲಮ್ಮ, ಗುಜರಿಯವನಿಗೆ ಕೊಟ್ಬಿಟ್ವಿ," ಅಂದರು. ಹೂಂ ಅಂದೆ.

ಆ ಸಿನಿಮಾ ಈಗಲೂ ಟಿ.ವಿ.ಯಲ್ಲಿ ಆಗಾಗ ಬರುತ್ತದೆ. ಹೀರೋ ಕುಡಿದು ಹೊರಳಾಡುತ್ತಾನೆ, ನಮ್ಮ ಮನೆಯವರು ನಗುತ್ತಾರೆ. ಅಕ್ಕ ಇಲ್ಲ, ಅವರು ತಿದ್ದಿದ್ದೂ ಇಲ್ಲ. ನನಗೆ ಅಳುವೇನೂ ಬರುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತೇನೆ. ಕಾಲಿಗೆ ಬೀಳುವ ದೃಶ್ಯ ಬರುವ ಹೊತ್ತಿಗೆ ನಲ್ಲಿಯನ್ನು ಜೋರಾಗಿ ಬಿಡುತ್ತೇನೆ, ಬಾಗಿಲು ಹಾಕುವ ಸದ್ದು ಕೇಳಿಸದಿರಲೆಂದು.