ಇಟ್ಟಿಗೆಯೊಳಗಿನ ಕಂಬಗಳು

ನನ್ನ ಮದುವೆಗೆಂದು ನಮ್ಮಪ್ಪ ಮನೆಯ ಮುಖವನ್ನೇ ಮುಚ್ಚಿಬಿಟ್ಟರು. ಅರವತ್ತರ ದಶಕದ ಶುರುವಿನ ಮಾತು. ಯಲಹಂಕದ ನಮ್ಮ ಬೀದಿಯಲ್ಲಿ ಒಂದೊಂದಾಗಿ ಇಟ್ಟಿಗೆ ಮನೆಗಳು ಏಳುತ್ತಿದ್ದವು. ನಮ್ಮದು ಮಾತ್ರ ಮಣ್ಣಿನ ಗೋಡೆ, ಮುಂದೆ ಜಗುಲಿ, ಜಗುಲಿಯ ಮೇಲೆ ಹೊನ್ನೆಮರದ ನಾಲ್ಕು ಕಂಬ. ಕಂಬ, ತೊಲೆ ಎಲ್ಲ ತಾತನ ಕೈಕೆಲಸ. ಬಡಗಿಯಾಗಿದ್ದ ಅವರು ಒಂದು ಮೊಳೆ ಹೊಡೆಯದೆ ಮರಕ್ಕೆ ಮರ ಕೂಡಿಸಿ ಆ ಮನೆ ಎಬ್ಬಿಸಿದ್ದರು. ಕೆಲಸ ಕೊಡಲು ಬಂದವರಿಗೆ ಬೇರೇನೂ ಹೇಳುತ್ತಿರಲಿಲ್ಲ, ಕಂಬದ ಕಡೆ ಕೈ ತೋರಿಸುತ್ತಿದ್ದರು.

ನನ್ನನ್ನು ನೋಡಲು ಬಂದ ಯಶವಂತಪುರದವರು ಉಪ್ಪಿಟ್ಟು ತಿಂದು, "ಮನೆ ಹಳೇದು" ಅಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮುಂಭಾಗಕ್ಕೆ ಇಟ್ಟಿಗೆ ಗೋಡೆ ಕಟ್ಟಿಸಲು ಅಪ್ಪ ಹೊರಟರು. ಹೆಬ್ಬಾಳದ ಇಟ್ಟಿಗೆ ಗೂಡಿನಿಂದ ಗಾಡಿ ಬಂದು ನಿಂತಿತು.

"ನಾನಿರೋಗಂಟ ಆ ಜಗುಲಿ ಮುಟ್ಬೇಡ ಕಣ್ಲಾ. ಆಮೇಲೆ ಏನಾರ ಮಾಡ್ಕೋ," ಎಂದರು ತಾತ.

"ಇಂಗೇ ಬಿಟ್ರೆ ಈ ಮಗೂನ ಯಾರಪ್ಪಾ ಮಾಡ್ಕೊಂತಾರೆ?" ಅಂದರು ಅಪ್ಪ.

ತಾತ ನನ್ನ ಮುಖ ನೋಡಿ, ಎದ್ದು ಹಿತ್ತಲಿಗೆ ಹೋದರು. ನನ್ನ ನೆಪ ಹೇಳಿ ಅವರ ಬಾಯಿ ಮುಚ್ಚಿಸಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಗುಲಿ ಹೋಯಿತು. ಕಂಬಗಳನ್ನು ಇದ್ದಲ್ಲೇ ಬಿಟ್ಟು ಸುತ್ತ ಇಟ್ಟಿಗೆ ಕಟ್ಟಿ ಗಾರೆ ಬಳಿದರು. ಎರಡು ಕಿಟಕಿ, ಅದಕ್ಕೆ ಸಲಾಕೆ, ಹಸಿರು ಬಣ್ಣ. ಎದುರಿನಿಂದ ಬಂಗಲೆ, ಹೊಸಿಲು ದಾಟಿದರೆ ಅದೇ ಮಣ್ಣು, ಅದೇ ತೊಲೆ. ಯಾರ ಕಣ್ಣಿಗೆ ಮಣ್ಣೆರಚಿದ್ದು, ಹೇಳಿ! ಆದರೂ ನನಗೆ ಗಂಡು ಗೊತ್ತಾಯಿತು.

ಅಂದಿನಿಂದ ತಾತ ಮುಂದಿನ ಬಾಗಿಲಲ್ಲಿ ಕಾಲಿಡಲಿಲ್ಲ. ಹಿತ್ತಲಿಂದ ಬರುವುದು, ಹಿತ್ತಲಿಂದ ಹೋಗುವುದು. ಅಪ್ಪನಿಗೂ ಅವರಿಗೂ ಮಾತು ನಿಂತಿತು. ನನ್ನ ಮದುವೆಯ ದಿನವೂ ತಾತ ಚಪ್ಪರದ ಕಡೆ ಬರಲಿಲ್ಲ; ನಾನೇ ಹಿತ್ತಲಿಗೆ ಹೋಗಿ ಕಾಲಿಗೆ ಬಿದ್ದೆ. "ಚೆಂದಾಗಿರು ಮಗಾ," ಅಂದರು, ಅಷ್ಟೇ.

ಕೆಲವು ವರ್ಷದ ಮೇಲೆ ತಾತ ಹೋದ ಸುದ್ದಿ ಬಂತು. ನಾನು ತಲುಪುವ ಹೊತ್ತಿಗೆ ಬೀದಿಯಲ್ಲಿ ಚಟ್ಟ ಸಿದ್ಧವಾಗಿತ್ತು. ಒಳಗೆ ನಾಲ್ಕು ಜನ ಹೆಣ ಎತ್ತಲು ಬಗ್ಗಿದಾಗ ಅಪ್ಪ ಅಡ್ಡ ನಿಂತರು.

"ಮುಂದ್ಲ ಬಾಗ್ಲಾಗೆ ಬ್ಯಾಡ."

"ಹೆಣಾನ ಹಿತ್ಲಾಗಿಂದ ಯಾರಾದ್ರೂ ತೆಗೀತಾರೇನಯ್ಯ? ತಲೆ ಕೆಟ್ಟೈತಾ?" ಎಂದು ಊರ ಹಿರಿಯರೊಬ್ಬರು ರೇಗಿದರು.

"ಕೆಟ್ಟೈತೆ. ಆವತ್ತೇ ಕೆಟ್ಟಿತ್ತು," ಅಂದರು ಅಪ್ಪ.

ಹಿತ್ತಲ ಬಾಗಿಲು ಕಿರಿದು, ನಾಲ್ಕು ಜನ ಹಿಡಿಸುವಂಥದ್ದಲ್ಲ. ಅಪ್ಪ ಒಬ್ಬರೇ ತಾತನನ್ನು ತೋಳಲ್ಲಿ ಎತ್ತಿ, ಎದೆಗೆ ಒತ್ತಿಕೊಂಡು, ತಲೆ ಬಗ್ಗಿಸಿ ಹೊರಗೆ ಬಂದರು. "ಅಪ್ಪಾ, ಅಪ್ಪಾ," ಅನ್ನುತ್ತಿದ್ದರು. ಮಾತು ಬಿಟ್ಟ ಮೇಲೆ ಅವರು ತಾತನನ್ನು ಹಾಗೆ ಕರೆದದ್ದು ಅದೇ ಮೊದಲು.