ಆರು ಇಸ್ಪೀಟು ಕೂಗಿದಾಕೆ

ಮೊನ್ನೆ ಮಗನನ್ನು ಕ್ಷೌರದಂಗಡಿಗೆ ಕರೆದುಕೊಂಡು ಹೋಗಿದ್ದೆ. ಕೂದಲು ಕತ್ತರಿಸಿ ಮುಗಿದ ಮೇಲೆ ಅಂಗಡಿಯವನು ದಪ್ಪ ಬ್ರಷ್ಷಿನಿಂದ ಅವನ ಕತ್ತಿಗೆ ಪೌಡರ್ ಬಳಿದ. ಆ ಘಮ ಮೂಗಿಗೆ ಬಿದ್ದದ್ದೇ ತಡ, ಎದುರಿನ ಕನ್ನಡಿಯೂ ಮಗನೂ ಕಣ್ಣಿಂದ ಮರೆಯಾಗಿ ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಪಡಸಾಲೆ ಕಂಡಿತು. ಎಲ್ಲರ ಮನೆಯಲ್ಲೂ ಪೌಡರ್ ಇರುವುದು ಮುಖಕ್ಕೆ ಹಚ್ಚಿಕೊಳ್ಳಲು. ನಮ್ಮ ಮನೆಯಲ್ಲಿ ಅದರ ಮೊದಲ ಹಕ್ಕು ಇಸ್ಪೀಟೆಲೆಗಳದು, ಉಳಿದರೆ ಹೆಂಗಸರದು. ಎಲೆ ಹಳತಾಗಿ ಒಂದಕ್ಕೊಂದು ಅಂಟತೊಡಗಿದರೆ ದೊಡ್ಡಪ್ಪ ಅವನ್ನೆಲ್ಲ ಹಳೆಯ ಪಂಚೆಯ ಮೇಲೆ ಹರಡಿ, ಪೌಡರ್ ಉದುರಿಸಿ, ಮಗುವಿನ ಕೆನ್ನೆ ಸವರಿದಂತೆ ಒಂದೊಂದನ್ನೇ ಸವರಿ ಒರೆಸುತ್ತಿದ್ದರು. ಆಮೇಲೆ ಎಲೆಗಳು ಕೈಯಿಂದ ಕೈಗೆ ನೀರಿನ ಹಾಗೆ ಜಾರುತ್ತಿದ್ದವು.

ಆ ಮನೆ ಈಗಿಲ್ಲ. ಆ ಜಾಗದಲ್ಲಿ ಕೋಚಿಂಗಿಗೆ ಬರುವ ಹುಡುಗರಿಗೆ ರೂಮು ಬಾಡಿಗೆ ಕೊಡುವ ಎತ್ತರದ ಕಟ್ಟಡವೊಂದು ಎದ್ದಿದೆ. ಅದರ ಮುಂದೆ ಹಾಯುವಾಗ ನಾನು ಮುಖ ಬೇರೆ ಕಡೆ ತಿರುಗಿಸಿಬಿಡುತ್ತೇನೆ. ಹಾಗೆ ಮುಖ ತಿರುಗಿಸಿ ಹೋಗುವ ಒಂದು ಜಾಗ ನಿಮಗೂ ಇದ್ದೀತು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ, ಜವಳಿ ಅಂಗಡಿಯ ಯಜಮಾನರು. ಅವರ ನೆನಪಿನ ಶಕ್ತಿ ಊರಿಗೇ ಗೊತ್ತಿತ್ತು. ಮದುವೆ ಸೀರೆ ಕೊಳ್ಳಲು ಬಂದ ಹುಡುಗಿಗೆ ಅವಳ ತಾಯಿಯ ಧಾರೆ ಸೀರೆಯ ಅಂಚು ಯಾವ ಬಣ್ಣದ್ದು ಎಂದು ಹೇಳಿ ಬೆರಗುಗೊಳಿಸುತ್ತಿದ್ದರು. ಹರೆಯದಲ್ಲಿ ಬಟ್ಟೆ ಮಿಲ್ಲಿನ ಗೆಸ್ಟ್ ಹೌಸಿಗೆ ಹೋಗಿ ಬರುತ್ತಿದ್ದಾಗ ಅಲ್ಲಿನ ಅಧಿಕಾರಿಗಳಿಂದ ಬ್ರಿಡ್ಜ್ ಎಂಬ ಇಸ್ಪೀಟಾಟ ಕಲಿತರಂತೆ. ಮದುವೆಯಾದ ಮೇಲೆ ಅದನ್ನು ದೊಡ್ಡಮ್ಮನಿಗೆ ಕಲಿಸಿದರು. ನಂದಿಗುಡಿ ಕಡೆಯ ಗದ್ದೆಯ ಮನೆತನದಿಂದ ಬಂದ ಸೊಸೆ ಗಂಡಸರ ಎದುರು ಕೂತು ಇಸ್ಪೀಟು ಆಡುವುದೆಂದರೆ ನೆಂಟರಿಷ್ಟರಿಗೆ ಸಣ್ಣ ಸಂಗತಿಯೇ? ಬೇಕಾದಷ್ಟು ಆಡಿಕೊಂಡರು. ದೊಡ್ಡಮ್ಮ ಸೆರಗು ಹೊದ್ದು, ಹಣೆಗೆ ವಿಭೂತಿ ಇಟ್ಟು, ತಣ್ಣಗೆ ಕೂತು ಗೆಲ್ಲುತ್ತಲೇ ಹೋದರು. ಕೊನೆಗೆ ಆಡಿಕೊಂಡವರಿಗೇ ಬಾಯಿ ನೋವು ಬಂತು. ಅವರಿಗೆ ಮಕ್ಕಳಿರಲಿಲ್ಲ. ಮನೆಗೆಲ್ಲ ಕೂಸು ಎಂದರೆ ನಾನೊಬ್ಬಳೇ. ದೊಡ್ಡಮ್ಮನ ಮಗ್ಗುಲಲ್ಲಿ ಕೂತೇ ನಾನು ಎಲೆಗಳ ಗುರುತು ಹಿಡಿಯಲು ಕಲಿತದ್ದು, ಅಕ್ಷರ ಕಲಿತದ್ದು ಆಮೇಲೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎದುರುಬದುರು ಕೂತವರು ಜೋಡಿ. ನಾಲ್ವರೂ ಒಂದೊಂದು ಎಲೆ ಹಾಕಿ, ಗೆದ್ದವರು ಎತ್ತಿಕೊಂಡರೆ ಅದು ಒಂದು ಪಟ್ಟು. ಆಟಕ್ಕೆ ಮೊದಲು ಕೂಗು: ಈ ಬಣ್ಣವನ್ನು ತುರುಪು ಮಾಡಿಕೊಂಡು ಇಷ್ಟು ಪಟ್ಟು ಹಿಡಿಯುತ್ತೇವೆ ಎಂದು ಮಾತು ಕೊಡುವುದು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಆಟ. ತಂಡಗಳ ಪಂದ್ಯದಲ್ಲಿ ತಂಡಕ್ಕೆ ಎರಡು ಜೋಡಿ, ಅವೇ ಎಲೆಗಳನ್ನು ಎರಡು ಟೇಬಲ್ಲಿನಲ್ಲಿ ಆಡುತ್ತಾರೆ. ಇಲ್ಲಿ ನಮ್ಮವರಿಗೆ ಬಂದ ಎಲೆ ಅಲ್ಲಿ ಎದುರಾಳಿಗಳಿಗೆ ಬಂದಿರುತ್ತದೆ. ಹಾಗಾಗಿ ಎಲೆ ಸರಿ ಬೀಳಲಿಲ್ಲ ಎಂದು ನೆವ ಹೇಳುವ ದಾರಿಯೇ ಇಲ್ಲ. ನಮ್ಮ ತಂಡದ ಇನ್ನೊಂದು ಜೋಡಿ ಹರಿಹರದವರು. ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಕೊಟ್ರೇಶಪ್ಪನವರು ಮತ್ತು ಮರದ ಅಡ್ಡೆಯ ರಜಾಕ್ ಸಾಹೇಬರು. ಒಬ್ಬರು ಮಾತೇ ಆಡದವರು, ಇನ್ನೊಬ್ಬರು ಮಾತು ನಿಲ್ಲಿಸದವರು.

ಪಂದ್ಯ ಮುಗಿದ ಮರು ಭಾನುವಾರ ನಾಲ್ವರೂ ನಮ್ಮ ಪಡಸಾಲೆಯಲ್ಲಿ ಸೇರಿ ಆಡಿದ ಆಟವನ್ನೆಲ್ಲ ಮತ್ತೆ ಹರಡುತ್ತಿದ್ದರು. ಅದಕ್ಕೆ ಪೋಸ್ಟ್ ಮಾರ್ಟಂ ಎಂದು ಹೆಸರು. ಚಿಕ್ಕವಳಿದ್ದಾಗ ಆ ಪದ ಕೇಳಿ ಒಳಗೆಲ್ಲೋ ಹೆಣ ಇದೆಯೆಂದು ಹೆದರಿ ನಾನು ಪಡಸಾಲೆಯ ಕಡೆ ಹಾಯುತ್ತಿರಲಿಲ್ಲ. ಅಡುಗೆಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬರುತ್ತಿತ್ತು. ಎಣ್ಣೆಗೈಯಲ್ಲಿ ಎಲೆ ಮುಟ್ಟಿದವರಿಗೆ ದೊಡ್ಡಮ್ಮನ ಕಣ್ಣೇ ಸಾಕಾಗಿತ್ತು. ಈ ಕೂಟಕ್ಕೆ ದೊಡ್ಡಪ್ಪ ಒಂದು ಕಟ್ಟಳೆ ಮಾಡಿದ್ದರು. ಗಂಡ ಹೆಂಡತಿ ಜೋಡಿಯಾಗಿ ಆಡುವ ಮನೆಯಲ್ಲಿ ತಪ್ಪು ಎತ್ತಿ ಆಡತೊಡಗಿದರೆ ಒಲೆ ಹೊತ್ತುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. “ತಪ್ಪು ಮಾಡಿದೋರೇ ಬಾಯಿ ಬಿಡಬೇಕು. ಇನ್ನೊಬ್ರು ತೋರಿಸಬಾರ್ದು,” ಎಂದಿದ್ದರು. ತಪ್ಪು ಎಲ್ಲರಿಗೂ ಕಾಣುತ್ತಿದ್ದರೂ ಮಾಡಿದವರು ತಾವಾಗಿ ಹೇಳುವ ತನಕ ಉಳಿದವರು ಮಂಡಕ್ಕಿ ಮೆಲ್ಲುತ್ತ ಕಾಯುತ್ತಿದ್ದರು. ಎಷ್ಟೋ ವರ್ಷ ಆ ಕಟ್ಟಳೆ ನಮ್ಮ ಮನೆಯನ್ನು ಕಾಯಿತು. ಅದೇ ಒಂದು ದಿನ ನಮ್ಮೆಲ್ಲರ ಬಾಯಿ ಕಟ್ಟುತ್ತದೆಂದು ಯಾರು ಕಂಡಿದ್ದರು?

ಮೊದಲ ಸೂಚನೆ ಬಂದದ್ದು ಎಲೆಗಳಿಂದಲೇ. ಒಂದು ಸಂಜೆ ಆಡಲು ಕೂತಾಗ ಎಲೆ ಜಾರಲಿಲ್ಲ, ಬೆರಳಿಗೆ ಮರಳು ಮರಳಾಗಿ ಹತ್ತಿತು. ದೊಡ್ಡಮ್ಮ ಬೆರಳು ಮೂಸಿ ನೋಡಿದರು. ದೊಡ್ಡಪ್ಪ ಪೌಡರ್ ಡಬ್ಬಿಯ ಬದಲು ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಎಲೆಗಳಿಗೆ ಸವರಿದ್ದರು. ಇನ್ನು ಮೇಲೆ ಸ್ನಾನ ಮಾಡಿಯೇ ಆಟಕ್ಕೆ ಬರಬೇಕಾಯಿತಲ್ಲ ಎಂದು ರಜಾಕ್ ಸಾಹೇಬರು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕರು. ಮಾರನೆಯ ಬೆಳಗ್ಗೆ ಪೂಜೆ ಮುಗಿಸಿ ಬಂದ ಅವರ ಹಣೆಯಿಂದ ಪೌಡರಿನ ಘಮ ಬಂತು. ಅದಕ್ಕೆ ಯಾರೂ ನಗಲಿಲ್ಲ. ದೊಡ್ಡಮ್ಮ ಒದ್ದೆ ಬಟ್ಟೆ ತಂದು, ಏನೋ ಧೂಳು ಎಂದು ಹೇಳಿ ಒರೆಸಿ, ತಾವೇ ವಿಭೂತಿ ಹಚ್ಚಿದರು. ಅಂದಿನಿಂದ ಪೌಡರ್ ಡಬ್ಬಿ ಅವರ ಸುಪರ್ದಿಗೆ ಹೋಯಿತು.

ಆ ಬೇಸಿಗೆಯ ಪಂದ್ಯ ಹರಿಹರದಲ್ಲಿ, ಹೊಳೆಯ ದಿಕ್ಕಿಗೆ ಕಿಟಕಿಗಳಿದ್ದ ಒಂದು ಹಾಲಿನಲ್ಲಿ. ದೊಡ್ಡಮ್ಮನ ಬೆನ್ನಿಗೆ ಕುರ್ಚಿ ಹಾಕಿಕೊಂಡು ನಾನು ಕೂತಿದ್ದೆ. ಮಧ್ಯಾಹ್ನದ ಧಗೆಗೆ ಹೊಳೆಯ ಮೇಲಿನ ಗಾಳಿಯೂ ನಿಂತಿತ್ತು. ಕೊನೆಯ ಎಲೆ ಹಂಚಿದಾಗ ಎರಡು ತಂಡವೂ ಸಮಸಮ. ದೊಡ್ಡಪ್ಪ ಇಸ್ಪೀಟು ಬಣ್ಣವನ್ನು ಕೂಗಿದರು. ದೊಡ್ಡಮ್ಮ ತಮ್ಮ ಎಲೆಗಳನ್ನು ಒಮ್ಮೆ ನೋಡಿ, ಗಂಡನ ಮುಖವನ್ನು ಒಮ್ಮೆ ನೋಡಿ, ಆರು ಇಸ್ಪೀಟು ಎಂದರು. ಕೂಗಿನ ಲೆಕ್ಕ ಶುರುವಾಗುವುದು ಮೊದಲ ಆರು ಪಟ್ಟುಗಳ ಮೇಲೆ, ಹಾಗಾಗಿ ಆರು ಎಂದರೆ ಹನ್ನೆರಡು ಪಟ್ಟು; ಹದಿಮೂರರಲ್ಲಿ ಒಂದೇ ಒಂದನ್ನು ಬಿಟ್ಟುಕೊಡಬಹುದು, ಅಷ್ಟೇ. ಆ ಬಣ್ಣವನ್ನು ಮೊದಲು ಕೂಗಿದವರು ದೊಡ್ಡಪ್ಪನಾದ್ದರಿಂದ ಆಡುವವರು ಅವರು. ದೊಡ್ಡಮ್ಮ ಎಲೆಗಳನ್ನು ಟೇಬಲ್ಲಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗಬೇಕು. ಏನು ಕಂಡರೂ ಚಕಾರ ಎತ್ತುವಂತಿಲ್ಲ, ಅದು ಆಟದ ಕಾನೂನು.

ಆ ಒಂದು ಪಟ್ಟು ಮೊದಲೇ ಹೋಯಿತು. ಉಳಿದದ್ದೆಲ್ಲ ನಮ್ಮದೇ, ಎದುರಾಳಿಗಳ ಕೈಯಲ್ಲಿದ್ದ ನಾಲ್ಕು ತುರುಪನ್ನು ಎಳೆದು ಮುಗಿಸಿದರೆ ಸಾಕಿತ್ತು. ದೊಡ್ಡಪ್ಪ ಒಂದು ಸಲ ಎಳೆದರು, ಇಬ್ಬರೂ ಹಾಕಿದರು. ಇನ್ನೊಂದು ಸಲ ಎಳೆದರು, ಒಬ್ಬನ ಬಳಿ ಮುಗಿದಿತ್ತು. ಹಾಗಾದರೆ ಇನ್ನೊಬ್ಬನ ಬಳಿ ಒಂದು ಉಳಿದಿದೆ ಎಂದು ನನ್ನಂಥ ಪುಟ್ಟ ಹುಡುಗಿಗೂ ಗೊತ್ತಾಯಿತು. ದೊಡ್ಡಪ್ಪ ನೆಮ್ಮದಿಯಿಂದ ಆಟೀನು ರಾಜನನ್ನು ಕೆಳಗಿಟ್ಟರು. ದೊಡ್ಡಮ್ಮನ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು. ಆ ಎದುರಾಳಿ ಉಳಿದಿದ್ದ ಸಣ್ಣ ತುರುಪಿನಿಂದ ಆ ರಾಜನನ್ನು ಕಡಿದ. ದೊಡ್ಡಪ್ಪ ಆ ಎಲೆಯನ್ನು ನೋಡುತ್ತಲೇ ಕೂತರು. ಅವರ ಮುಖದಲ್ಲಿ ಸೋತವನ ಬೇಸರ ಇರಲಿಲ್ಲ. ಆ ಎಲೆ ಎಲ್ಲಿಂದ ಬಂತೆಂದು ತಿಳಿಯದ ದಿಗಿಲಿತ್ತು. ಆಚೆ ಟೇಬಲ್ಲಿನಲ್ಲಿ ಅವೇ ಎಲೆಗಳಿಗೆ ಎದುರಾಳಿಗಳೂ ಆರು ಕೂಗಿ ಸಲೀಸಾಗಿ ಗೆದ್ದಿದ್ದರು. ಪಂದ್ಯ ಅಲ್ಲಿಗೆ ಹೋಯಿತು.

ವಾಪಸು ಬರುವಾಗ ದೊಡ್ಡಪ್ಪನೇ ಕಾರು ನಡೆಸಿದರು. ದಾರಿಯಲ್ಲಿ ಸಿಗುವ ಬಾತಿ ಊರಿನ ಹತ್ತಿರ ಇದ್ದಕ್ಕಿದ್ದಂತೆ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಮುಂದಿನ ರಸ್ತೆಯನ್ನೇ ದಿಟ್ಟಿಸಿದರು. ಆ ದಾರಿಯಲ್ಲಿ ಅವರು ಜೀವಮಾನವಿಡೀ ಓಡಾಡಿದ್ದರು. ದೊಡ್ಡಮ್ಮ ಮೆಲ್ಲಗೆ, “ನೆಟ್ಟಗ ನಡೀರಿ. ಮನಿ ಇಲ್ಲೇ ಐತೆ,” ಎಂದರು. ಗಾಡಿ ಹೊರಟಿತು.

ಭಾನುವಾರ ಬಂತು. ಮಂಡಕ್ಕಿ ಬಂತು, ಯಾರೂ ಮುಟ್ಟಲಿಲ್ಲ. ದೊಡ್ಡಪ್ಪ ಕೊನೆಯ ಆಟವನ್ನು ಪಂಚೆಯ ಮೇಲೆ ಹರಡತೊಡಗಿದರು. ನಾಲ್ಕೂ ಕೈಗಳ ಎಲೆಗಳನ್ನು ಒಮ್ಮೆಯೂ ತಡವರಿಸದೆ ಇಟ್ಟರು. ಕೊಟ್ರೇಶಪ್ಪನವರು ಬಗ್ಗಿ ನೋಡಿದವರು ಹಾಗೇ ಉಳಿದರು. ಅವು ಹರಿಹರದ ಎಲೆಗಳಾಗಿರಲಿಲ್ಲ. ಹಿಂದೆ ಯಾವುದೋ ವರ್ಷ ದಾವಣಗೆರೆಯಲ್ಲಿ ಆಡಿ ಗೆದ್ದಿದ್ದ ಬೇರೊಂದು ಆಟ. ಅದರಲ್ಲಿ ಎದುರಾಳಿಗಳ ತುರುಪು ಇಬ್ಬರಲ್ಲೂ ಸಮನಾಗಿ ಹಂಚಿಹೋಗಿದ್ದರಿಂದ ಎರಡು ಸಲ ಎಳೆದರೆ ಸಾಕಾಗಿತ್ತು. ದೊಡ್ಡಪ್ಪ ಅದನ್ನೇ ವಿವರಿಸಿದರು, ಯಾವ ಎಲೆ ಯಾಕೆ, ಯಾವುದರ ಹಿಂದೆ ಯಾವುದು ಎಂದು. ತರ್ಕದಲ್ಲಿ ಕೂದಲೆಳೆಯಷ್ಟು ಲೋಪವಿರಲಿಲ್ಲ. ಹರಿಹರದಲ್ಲಿ ಕೂತಾಗಲೇ ಅವರು ಆಡುತ್ತಿದ್ದುದು ಈ ಹಳೆಯ ಆಟವನ್ನು ಎಂದು ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಆಮೇಲೆ ಅವರು ತಲೆಯೆತ್ತಿ, “ಆದ್ರೂ ಸೋತ್ವಿ. ಹೆಂಗೆ?” ಎಂದು ಒಬ್ಬೊಬ್ಬರ ಮುಖ ನೋಡಿದರು.

ಯಾರೂ ಬಾಯಿ ಬಿಡಲಿಲ್ಲ. ಬಿಡುವಂತಿರಲಿಲ್ಲ. ತಪ್ಪು ಮಾಡಿದವರೇ ಹೇಳಬೇಕು, ಮಾಡಿದವರಿಗೆ ಅದು ಗೊತ್ತೇ ಇಲ್ಲ. ಮಾತು ನಿಲ್ಲಿಸದ ರಜಾಕ್ ಸಾಹೇಬರು ಫ್ಯಾನಿನ ಕಡೆ ನೋಡುತ್ತಿದ್ದರು. ದೊಡ್ಡಪ್ಪ ಎಲೆಗಳನ್ನು ಮೊದಲಿನಿಂದ ಮತ್ತೆ ಎಣಿಸತೊಡಗಿದರು, ಇನ್ನೊಂದು ಕ್ಷಣ ಬಿಟ್ಟರೆ ಅವರಿಗೇ ಎಲ್ಲವೂ ಹೊಳೆದುಬಿಡುತ್ತಿತ್ತೇನೋ. ಅಷ್ಟರಲ್ಲಿ ದೊಡ್ಡಮ್ಮ, “ನಂದು ತಪ್ಪಾತ್ರಿ. ನಾಲ್ಕಕ್ಕ ನಿಲ್ಲಬೇಕಿತ್ತು. ಆರು ಕೂಗಿಬಿಟ್ಟೆ,” ಎಂದರು. ಆ ಪಡಸಾಲೆಯಲ್ಲಿ ಆಟದ ಬಗ್ಗೆ ಆಡಿದ ಮೊದಲ ಸುಳ್ಳು ಅದು. ದೊಡ್ಡಪ್ಪನ ಮುಖ ತಿಳಿಯಾಯಿತು. ಹೋಗಲಿ ಬಿಡು, ಆಸೆ ಯಾರಿಗಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿ, ಮಂಡಕ್ಕಿ ತಟ್ಟೆ ಹತ್ತಿರ ಎಳೆದುಕೊಂಡರು. ನನಗೆ ದೊಡ್ಡಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅತ್ತುಕೊಂಡು ಹಿತ್ತಲಿಗೆ ಹೋದೆ.

ತಂಡ ಮತ್ತೆ ಪಂದ್ಯಕ್ಕೆ ಹೋಗಲಿಲ್ಲ. ಹರಿಹರದ ಜೋಡಿ ಕೆಲವು ಭಾನುವಾರ ಬಂದು, ಆಮೇಲೆ ಹಬ್ಬಕ್ಕೊಮ್ಮೆ ಬಂದು, ಕೊನೆಗೆ ಬರುವುದನ್ನೇ ನಿಲ್ಲಿಸಿತು. ದೊಡ್ಡಪ್ಪನೊಳಗಿಂದ ಒಂದೊಂದೇ ಜಾರಿಹೋದವು: ಸೀರೆಯ ಅಂಚುಗಳು, ಅಂಗಡಿಯ ದಾರಿ, ನಮ್ಮಪ್ಪನ ಹೆಸರು, ನನ್ನ ಹೆಸರು. ಹೋಗದೆ ಉಳಿದದ್ದು ಒಂದೇ, ದೊಡ್ಡಮ್ಮ ಮಾಡದ ಆ ತಪ್ಪು. ಬಂದವರಿಗೆಲ್ಲ, ನಮ್ಮನೆಯಾಕಿ ಅವತ್ತು ಆರು ಕೂಗಿ ಪಂದ್ಯ ಕಳೆದಳು ಎಂದು ಹೇಳುತ್ತಿದ್ದರು. ಹಾಲು ಹಾಕುವವನಿಗೂ ಹೇಳಿದರು. ದೊಡ್ಡಮ್ಮ ಪಕ್ಕದಲ್ಲೇ ನಿಂತು ಹೌದ್ರಿ ಎನ್ನುತ್ತಿದ್ದರು. ಇದೆಂಥ ಅನ್ಯಾಯ ಎಂದು ನಾನು ಕುದಿಯುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ಒಂದು ಬೆಳಗ್ಗೆ ಕಂಡದ್ದು ನನ್ನ ಬಾಯಿ ಮುಚ್ಚಿಸಿತು. ಚಹಾ ತಂದ ದೊಡ್ಡಮ್ಮನನ್ನು ದೊಡ್ಡಪ್ಪ ಪರಕೀಯಳನ್ನು ನೋಡಿದಂತೆ ನೋಡಿ ಲೋಟ ಮುಟ್ಟದೆ ಕೂತರು. ದೊಡ್ಡಮ್ಮ ಕೆಳಗೆ ಕೂತು, “ಆರು ಇಸ್ಪೀಟು ಕೂಗಿದಾಕಿ ನಾನೇ ಅಲ್ಲೇನ್ರಿ?” ಎಂದರು. ದೊಡ್ಡಪ್ಪನ ಕಣ್ಣಿನಲ್ಲಿ ಗುರುತು ಹತ್ತಿತು. ಹೌದಲ್ಲ, ನೀನೇ, ಎಂದು ನಕ್ಕು ಚಹಾ ಕುಡಿದರು. ಹೆಸರು ಹೋದ ಮೇಲೆ, ಮುಖ ಹೋದ ಮೇಲೆ, ಗಂಡನ ಹತ್ತಿರ ಹೋಗಲು ದೊಡ್ಡಮ್ಮನಿಗೆ ಉಳಿದಿದ್ದ ಬಾಗಿಲು ಅದೊಂದೇ. ದಿನಾ ಬೆಳಗ್ಗೆ ಆ ತಪ್ಪನ್ನು ಒಪ್ಪಿಕೊಂಡೇ ಅವರು ಹೆಂಡತಿಯಾಗುತ್ತಿದ್ದರು.

ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ದೊಡ್ಡಪ್ಪ ತಾವಾಗಿ ಎಲೆ ಕೇಳಿದರು. ದೊಡ್ಡಮ್ಮ ಪಂಚೆ ಹಾಸಿ ಕೊಟ್ಟರು. ದೊಡ್ಡಪ್ಪ ಒಂದೊಂದೇ ಇಡುತ್ತ ಹೋದಂತೆ ನಾನು ಹತ್ತಿರ ಸರಿದು ಬಗ್ಗಿ ನೋಡಿದೆ. ಈ ಸಲ ಅವು ಹರಿಹರದ ಎಲೆಗಳೇ. ನಾನು ದೊಡ್ಡಮ್ಮನ ಬೆನ್ನ ಹಿಂದೆ ಕೂತು ನೋಡಿದ್ದ, ಇವತ್ತಿಗೂ ಮರೆಯದ ಎಲೆಗಳು. ಎರಡು ಸಲ ತುರುಪು ಎಳೆದು ತೋರಿಸಿ, ಎದುರಾಳಿಯ ಕೈಯಲ್ಲಿ ಉಳಿದ ಸಣ್ಣ ಎಲೆಯ ಮೇಲೆ ಬೆರಳಿಟ್ಟರು. “ಇದೊಂದು ಉಳಿದಿತ್ತು. ನಾನು ಎಳೀಲಿಲ್ಲ. ತಪ್ಪು ನಂದು. ಆಕಿ ಕೂಗಿದ್ದು ಸರಿ ಐತೆ.” ಕಟ್ಟಳೆಯಂತೆ, ಮಾಡಿದವರೇ ಬಾಯಿ ಬಿಟ್ಟಿದ್ದರು. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ನ್ಯಾಯ ಸಿಕ್ಕಿತೆಂದು ಖುಷಿಯಿಂದ ದೊಡ್ಡಮ್ಮನ ಮುಖ ನೋಡಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಾರನೆಯ ಬೆಳಗ್ಗೆ ಅವರು ಚಹಾ ಹಿಡಿದು ಎಂದಿನಂತೆ ಕೆಳಗೆ ಕೂತರು. ಅವತ್ತು ಆರು ಕೂಗಿ ತಪ್ಪು ಮಾಡಿದಾಕಿ ನಾನೇ ಎಂದರು. ದೊಡ್ಡಪ್ಪ ಅವರನ್ನು ಅಪರಿಚಿತ ಹೆಂಗಸಿಗೆ ಕೊಡಬೇಕಾದ ಮರ್ಯಾದೆಯಿಂದಲೇ ನೋಡಿದರು. ಬಹಳ ವರ್ಷಗಳ ಮೇಲೆ ಅವರ ದನಿಯಲ್ಲಿ ಯಜಮಾನಿಕೆ ಇತ್ತು.

“ಇಲ್ಲವ್ವಾ. ನಮ್ಮನಿಯಾಕಿ ತಪ್ಪು ಮಾಡಿಲ್ಲ. ಆಕಿ ಮ್ಯಾಲೆ ಹಾಕಬ್ಯಾಡ್ರಿ ನೀವು.”

ದೊಡ್ಡಮ್ಮ ಇಲ್ಲ ಬಿಡ್ರಿ ಎಂದರು. ಚಹಾ ಲೋಟ ಅವರ ಪಕ್ಕದಲ್ಲಿಟ್ಟು, ಹಿಂದಿನ ದಿನದಿಂದ ಹರಡಿಕೊಂಡೇ ಇದ್ದ ಎಲೆಗಳನ್ನು ಕೂಡಿಸಿ, ಡಬ್ಬಿ ತಂದು ಪೌಡರ್ ಉದುರಿಸಿದರು. ಒಂದೊಂದನ್ನೇ ಸವರಿ ಒರೆಸುತ್ತ, ಪಡಸಾಲೆಯ ಅಂಚಿಗೆ, ಸ್ವಲ್ಪ ದೂರದಲ್ಲಿ, ಬಂದವರು ಕೂಡುವ ಜಾಗದಲ್ಲಿ ಕೂತಿದ್ದರು.